ಗನ್ ಅದೇ, ಕಪ್ ಬೇರೆ: ಸ್ಪ್ರೇ ಪೇಂಟಿಂಗ್‌ನಲ್ಲಿ ತಿನ್ನರ್, ದುಡ್ಡು ಮತ್ತು ಉಸಿರಿನ ಲೆಕ್ಕ

ಕಾರಿನ ಒಂದು ಡೋರ್‌ಗೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಪದರ, ಹೊಡೆಯಲು ಕೆಲವೇ ನಿಮಿಷ ಸಾಕು. ಅದರ ಹಿಂದುಮುಂದಿನ ಕೆಲಸವೇ ಜಾಸ್ತಿ. ಪುಟ್ಟಿ ಹಾಕಬೇಕು, ಉಜ್ಜಬೇಕು, ಪ್ರೈಮರ್ ಹೊಡೆಯಬೇಕು, ಮತ್ತೆ ಉಜ್ಜಬೇಕು, ಬಣ್ಣ ಬೆರೆಸಿ ಸೋಸಬೇಕು. ಇಷ್ಟರ ನಡುವೆ ಬಣ್ಣ ಸಿಂಪಡಿಸುವ ಸ್ಪ್ರೇ ಗನ್, ಅದಕ್ಕೆ ಬಣ್ಣ ತುಂಬುವ ಕಪ್ ಎರಡನ್ನೂ ತೊಳೆಯುತ್ತಲೇ ಇರಬೇಕು. ಪ್ರೈಮರ್ ಹಾಕಿದ್ದ ಕಪ್‌ಗೆ ಹಾಗೇ ಬೇಸ್ ಕೋಟ್, ಅಂದರೆ ಅಸಲು ಬಣ್ಣ, ಸುರಿಯುವಂತಿಲ್ಲ. ಬೇಸ್ ಕೋಟ್ ಮುಗಿದ ಮೇಲೆ ಕ್ಲಿಯರ್‌ಗೆ ಮತ್ತೆ ತೊಳೆಯಬೇಕು. ಬೆಳಿಗ್ಗೆ ಬಿಳಿ ಕಾರು, ಮಧ್ಯಾಹ್ನ ಕೆಂಪು ಕಾರು ಬಂದರೆ ಕಪ್‌ನ ಮೂಲೆಯಲ್ಲಿ ಉಳಿದ ಒಂದು ಹನಿಯೂ ಕೆಲಸ ಕೆಡಿಸುತ್ತದೆ.

ಈ ತೊಳೆಯುವ ಕೆಲಸ ಬಿಲ್‌ನಲ್ಲಿ ಬರುವುದಿಲ್ಲ. ಗ್ಯಾರೇಜ್‌ಗೆ ಬರುವ ಗಿರಾಕಿಯ ಕಣ್ಣಿಗೂ ಬೀಳುವುದಿಲ್ಲ. ಬಹಳ ಕಡೆ ಇದನ್ನು ಮಾಡುವುದು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ. ಪೇಂಟರ್ ಗನ್ ಕೈಗೆ ಕೊಟ್ಟು ‘ತೊಳ್ದಿಡೋ’ ಅಂತ ಹೇಳಿ ಉಳಿದ ಕೆಲಸಕ್ಕೆ ಹೋಗುತ್ತಾನೆ. ಹುಡುಗ ಕಪ್‌ಗೆ ಒಂದಷ್ಟು ತಿನ್ನರ್ (ಬಣ್ಣ ಕರಗಿಸಿ ತೆಳು ಮಾಡುವ ದ್ರವ) ಸುರಿದು, ಮುಚ್ಚಿ, ಜೋರಾಗಿ ಅಲ್ಲಾಡಿಸುತ್ತಾನೆ. ಆಮೇಲೆ ಟ್ರಿಗರ್ ಒತ್ತಿ ಗೋಡೆ ಕಡೆಗೋ ನೆಲದ ಕಡೆಗೋ ಹೊಡೆಯುತ್ತಾನೆ. ಮೊದಲು ಬಣ್ಣದ ಮೋಡ ಬರುತ್ತದೆ, ನಿಧಾನಕ್ಕೆ ಅದು ತಿಳಿಯಾಗುತ್ತದೆ. ಗನ್ ತುದಿಯಲ್ಲಿ ಗಾಳಿ ಹೊರಬರುವ ಏರ್ ಕ್ಯಾಪ್ ಬಿಚ್ಚಿ, ಹಳೆ ಬ್ರಶ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸುತ್ತಾನೆ. ಕೈಗೆ ಗ್ಲೌಸ್ ಇರುವುದಿಲ್ಲ. ಮಾಸ್ಕ್ ಕೂಡ ಇರುವುದಿಲ್ಲ, ಯಾಕಂದ್ರೆ ‘ಪೇಂಟ್ ಹೊಡೆಯೋದು ಮುಗೀತಲ್ಲ’ ಅನ್ನುವ ಭಾವನೆ. ಕೊಳೆ ತಿನ್ನರ್ ಡಬ್ಬಕ್ಕೆ ಹೋಗುತ್ತದೆ, ಇಲ್ಲವೇ ಹಿತ್ತಿಲ ಮಣ್ಣಿಗೆ.

ಸ್ಪ್ರೇ ಗನ್‌ಗೆ ಥಟ್ಟನೆ ಹಾಕಿ ತೆಗೆಯಬಹುದಾದ ಕಪ್ ವ್ಯವಸ್ಥೆ ಸುಮಾರು ಕಾಲು ಶತಮಾನದಿಂದ ಮಾರುಕಟ್ಟೆಯಲ್ಲಿದೆ. ನಮ್ಮಲ್ಲಿ ದೊಡ್ಡ ಸರ್ವಿಸ್ ಸೆಂಟರ್‌ಗಳ ಬಾಡಿ ಶಾಪ್‌ಗಳಲ್ಲಿ ಈಗ ಕಾಣಸಿಗುತ್ತದೆ. ಮನೆಯಲ್ಲೇ ಪೇಂಟ್ ಹೊಡೆಯುವವರಿಗೆಂದು ಆನ್‌ಲೈನ್‌ನಲ್ಲಿ ಮಾರುವ ಕರೆಂಟ್ ಸ್ಪ್ರೇಯರ್‌ಗಳಲ್ಲೂ ಅದರ ಸರಳ ರೂಪ ಬಂದಿದೆ. ಜಾಹೀರಾತು ಮಾತಾಡುವುದು ಹೆಚ್ಚಾಗಿ ಸಮಯ ಉಳಿತಾಯದ ಬಗ್ಗೆ: ಕಪ್ ತಿರುಗಿಸಿ, ತೆಗೆಯಿರಿ, ಇನ್ನೊಂದು ಹಾಕಿ, ಮುಂದುವರಿಸಿ. ಸಮಯ ಉಳಿಯುವುದು ನಿಜ. ಆದರೆ ಈ ಕಪ್‌ನ ದೊಡ್ಡ ಉಪಯೋಗ ಇರುವುದು ಆ ತೊಳೆಯುವ ಹುಡುಗನ ಕೈಗೆ, ಶ್ವಾಸಕೋಶಕ್ಕೆ. ಅದು ಅವನ ಹತ್ತಿರ ಯಾಕೆ ತಲುಪುತ್ತಿಲ್ಲ ಅನ್ನುವುದು ನನ್ನ ಪ್ರಶ್ನೆ. ಉತ್ತರ ತಂತ್ರಜ್ಞಾನದಲ್ಲಿಲ್ಲ, ಖರ್ಚು ಯಾರ ತಲೆಗೆ ಬೀಳುತ್ತದೆ ಅನ್ನುವುದರಲ್ಲಿದೆ.

ಕಪ್ ಒಳಗೆ ಏನಿದೆ?

ಮೊದಲು ಹಳೆ ಕಪ್ ನೋಡೋಣ. ಹಳೆ ಗನ್‌ಗಳಲ್ಲಿ ಕಪ್ ಕೆಳಗೆ ನೇತಾಡುತ್ತಿತ್ತು. ಗಾಳಿ ಮುಂದೆ ನುಗ್ಗುವಾಗ ಹುಟ್ಟುವ ಸೆಳೆತಕ್ಕೆ ಬಣ್ಣ ಒಂದು ಕೊಳವೆಯಲ್ಲಿ ಮೇಲೆ ಬರುತ್ತದೆ. ಬಣ್ಣ ತಳಕ್ಕೆ ಇಳಿದಾಗ ಗನ್ ಸ್ವಲ್ಪ ಓರೆ ಮಾಡಿದರೂ ಕೊಳವೆಯ ತುದಿ ಗಾಳಿಗೆ ತೆರೆದುಕೊಂಡು, ಗನ್ ‘ಪುಸ್ ಪುಸ್’ ಎಂದು ಉಗುಳುತ್ತದೆ. ಆಮೇಲೆ ಕಪ್ ಮೇಲೆ ಕೂರುವ ಗ್ರಾವಿಟಿ ಗನ್ ಬಂತು. ಬಣ್ಣ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ತಳದಲ್ಲಿ ಉಳಿಯುವುದು ಕಮ್ಮಿ. ಇವತ್ತು ಕಾರು ಪೇಂಟಿಂಗ್‌ನಲ್ಲಿ ಇದೇ ಜಾಸ್ತಿ.

ಗ್ರಾವಿಟಿ ಕಪ್‌ನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಬಣ್ಣ ಕೆಳಗಿಳಿದಷ್ಟೂ ಒಳಗೆ ಗಾಳಿ ಬರಬೇಕು, ಇಲ್ಲದಿದ್ದರೆ ಹರಿವು ನಿಂತುಹೋಗುತ್ತದೆ. ಆ ತೂತಿಗೆ ಒಣಗಿದ ಬಣ್ಣ ಕಟ್ಟಿದರೆ ಸ್ಪ್ರೇ ಏರಿಳಿಯುತ್ತದೆ. ತೂತು ಚೆನ್ನಾಗಿ ತೆರೆದಿದ್ದರೆ ಇನ್ನೊಂದು ಕಷ್ಟ. ಬಂಪರ್ ಕೆಳಭಾಗಕ್ಕೋ ರೂಫ್ ನಡುವಿಗೋ ಬಗ್ಗಿ ಹೊಡೆಯುವಾಗ ಅದೇ ತೂತಿನಿಂದ ಒಂದು ಹನಿ ಜಾರಿ, ಆಗಷ್ಟೇ ಹೊಡೆದ ಬಾನೆಟ್ ಮೇಲೆ ಬೀಳುತ್ತದೆ. ಮುಚ್ಚಳದ ಸುತ್ತ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವ ಪೇಂಟರ್‌ಗಳನ್ನು ನೀವು ನೋಡಿರಬಹುದು. ಕಾರಣ ಇದೇ.

ಹೊಸ ವ್ಯವಸ್ಥೆ ಈ ತೂತನ್ನೇ ತೆಗೆದುಹಾಕಿತು. ಅಮೆರಿಕದ 3ಎಂ ಕಂಪನಿಯ ಪಿಪಿಎಸ್ ಇದರಲ್ಲಿ ಹೆಸರಾಂತದ್ದು. ಹೊರಗೆ ಗಟ್ಟಿ ಪ್ಲಾಸ್ಟಿಕ್ ಕಪ್, ಅದರ ಮೇಲೆ ಮಿಶ್ರಣದ ಅಳತೆ ಗೆರೆಗಳು. ಒಳಗೆ ತೆಳುವಾದ ಮೆತ್ತನೆ ಪ್ಲಾಸ್ಟಿಕ್ ಲೈನರ್. ಮೇಲೆ ಮುಚ್ಚಳ, ಮುಚ್ಚಳದಲ್ಲೇ ಸೋಸುವ ಜಾಲರಿ. ಪ್ರೈಮರ್‌ನಂಥ ದಪ್ಪ ಮಾಲಿಗೆ 200 ಮೈಕ್ರಾನ್, ಬೇಸ್ ಕೋಟ್ ಮತ್ತು ಕ್ಲಿಯರ್‌ಗೆ 125 ಮೈಕ್ರಾನ್ ಜಾಲರಿ. ಲೈನರ್‌ನಲ್ಲೇ ಬಣ್ಣ, ಅದನ್ನು ಗಟ್ಟಿ ಮಾಡುವ ಹಾರ್ಡನರ್, ತಿನ್ನರ್ ಅಳೆದು ಬೆರೆಸಿ, ಮುಚ್ಚಳ ಹಾಕಿ, ಗನ್‌ಗೆ ಸಿಕ್ಕಿಸಿ, ತಲೆಕೆಳಗು ಮಾಡಿದರೆ ಕೆಲಸ ಶುರು. ಬೇರೆ ಡಬ್ಬ ಬೇಡ, ಬೇರೆ ಜರಡಿ ಬೇಡ. ಹಳೆ ಸಾಕ್ಸ್ ಕಟ್ಟಿ ಸೋಸುವ ಕೆಲಸವೂ ಇಲ್ಲ.

ಬಣ್ಣ ಖಾಲಿಯಾದ ಹಾಗೆ ಲೈನರ್ ತಾನೇ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಸಲೈನ್ ಹಾಕುವಾಗ ಗಾಜಿನ ಬಾಟಲಿಗೆ ಗಾಳಿ ಹೋಗಲು ಇನ್ನೊಂದು ಸೂಜಿ ಚುಚ್ಚುತ್ತಿದ್ದರು, ನೆನಪಿದೆಯಾ? ಮೆತ್ತನೆ ಚೀಲ ಬಂದ ಮೇಲೆ ಅದು ಬೇಕಾಗಲಿಲ್ಲ, ಚೀಲವೇ ಒಳಕ್ಕೆ ಮುದುಡಿಕೊಳ್ಳುತ್ತದೆ. ಇಲ್ಲೂ ಅಷ್ಟೇ. ಒಳಗೆ ಗಾಳಿಯೇ ಇಲ್ಲದ ಕಾರಣ ಗನ್ ಅಡ್ಡ ಹಿಡಿದರೂ, ತಲೆಕೆಳಗಾಗಿ ಹಿಡಿದರೂ ಬಣ್ಣ ಸಮನಾಗಿ ಬರುತ್ತದೆ. ಹನಿ ಬೀಳುವುದಿಲ್ಲ. ಕೆಲಸ ಮುಗಿದ ಮೇಲೆ ಕಪ್ ಬಿಚ್ಚಿ, ಮುಚ್ಚಳದ ಬಾಯಿಗೆ ಬಿರಡೆ ಹಾಕಿ ಉಳಿದ ಬೇಸ್ ಕೋಟ್ ಎತ್ತಿಡಬಹುದು. ಹೊರಗಿನ ಗಟ್ಟಿ ಕಪ್‌ಗೆ ಬಣ್ಣ ತಾಗಿಯೇ ಇರುವುದಿಲ್ಲ, ಅದಕ್ಕೆ ತೊಳೆಯುವ ಮಾತೇ ಇಲ್ಲ.

ಜರ್ಮನಿಯ ಸಾಟಾ ಕಂಪನಿ ಇದೇ ಯೋಚನೆಯನ್ನು ಇನ್ನೊಂದು ರೀತಿ ಮಾಡಿತು. ಅವರ ಆರ್‌ಪಿಎಸ್ ಕಪ್‌ನಲ್ಲಿ ಹೊರ ಕಪ್, ಲೈನರ್ ಅಂತ ಬೇರೆ ಬೇರೆ ಇಲ್ಲ. ಒಂದೇ ತೆಳು ಕಪ್ ನೇರವಾಗಿ ಗನ್ ಮೇಲೆ ಕೂರುತ್ತದೆ. ಡೆವಿಲ್‌ಬಿಸ್ ಕಂಪನಿಯದು ಡೀಕಪ್ಸ್. ತಂತ್ರ ಬೇರೆ ಬೇರೆ, ಗುರಿ ಒಂದೇ: ಬಣ್ಣ ತಾಗುವ ಭಾಗವನ್ನು ಆದಷ್ಟು ಚಿಕ್ಕದು ಮಾಡಿ, ಉಳಿದದ್ದನ್ನು ತೊಳೆಯದೆ ಬಿಡುವುದು.

ಒಂದು ತಪ್ಪು ಕಲ್ಪನೆ ಇಲ್ಲೇ ಬಿಡಿಸಿಬಿಡಬೇಕು. ಕಪ್ ಬದಲಿಸಿದರೆ ಗನ್ ಶುದ್ಧವಾಯಿತು ಅಂತಲ್ಲ. ಕಪ್‌ನಿಂದ ನಾಝಲ್‌ವರೆಗಿನ ದಾರಿಯಲ್ಲಿ, ಸೂಜಿಯ ಸುತ್ತ, ಏರ್ ಕ್ಯಾಪ್ ಮೇಲೆ ಹಿಂದಿನ ಬಣ್ಣ ಇದ್ದೇ ಇರುತ್ತದೆ. ಹಾರ್ಡನರ್ ಬೆರೆಸಿದ 2ಕೆ, ಅಂದರೆ ಎರಡು ಭಾಗದ, ಮಾಲಾದರೆ ಅದು ಅಲ್ಲೇ ಗಟ್ಟಿಯಾಗಿ, ಗನ್ನೇ ಹಾಳಾಗುತ್ತದೆ. ಕೂಡಲೇ ಸ್ವಲ್ಪ ತಿನ್ನರ್ ಹಾಯಿಸಲೇಬೇಕು. ವ್ಯತ್ಯಾಸ ಏನಂದ್ರೆ, ಇಡೀ ಕಪ್ ಅದ್ದಿ ತೊಳೆಯುವ ಬದಲು ಆ ಚಿಕ್ಕ ದಾರಿಗೆ ಮಾತ್ರ ಸಾಕಾಗುವಷ್ಟು.

ಎಷ್ಟು ಉಳಿಯುತ್ತದೆ? ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಒಂದು ಸಲ ತೊಳೆಯಲು 200 ಮಿಲಿಲೀಟರ್ ತಿನ್ನರ್ ಅಂದುಕೊಳ್ಳಿ. ದಿನಕ್ಕೆ ಐದು ಸಲ, ತಿಂಗಳಿಗೆ 25 ದಿನ. 25 ಲೀಟರ್ ಆಯಿತು. ಕಪ್ ವ್ಯವಸ್ಥೆಯಲ್ಲಿ ಸಲಕ್ಕೆ 50 ಮಿಲಿಲೀಟರ್ ಸಾಕಾದರೆ ತಿಂಗಳಿಗೆ ಆರೇಕಾಲು ಲೀಟರ್. ನಿಮ್ಮ ಗ್ಯಾರೇಜ್‌ನ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಉಳಿಯುವ ಹತ್ತೊಂಬತ್ತು ಲೀಟರ್ ಹತ್ತಿರದ ತಿನ್ನರ್, ಈ ಕಪ್ ಇಲ್ಲದಿದ್ದರೆ, ಎಲ್ಲಿಗೆ ಹೋಗುತ್ತಿತ್ತು? ಒಂದಷ್ಟು ಗಾಳಿಗೆ, ಒಂದಷ್ಟು ಚರಂಡಿಗೆ, ಒಂದಷ್ಟು ತೊಳೆಯುವವನ ಮೈಗೆ.

ಉಸಿರಿನ ವಿಷಯ

ಬಣ್ಣವನ್ನು ಮಂಜಾಗಿಸುವ ಈ ಸಾಧನದ ಮೂಲ ಔಷಧಿಯಲ್ಲಿದೆ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ಊರಿನಲ್ಲಿ ಅಲೆನ್ ಡೆವಿಲ್‌ಬಿಸ್ ಎಂಬ ವೈದ್ಯರು ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಒಂದು ಸಾಧನ ಮಾಡಿ, 1888ರಲ್ಲಿ ಕಂಪನಿ ಶುರು ಮಾಡಿದರು. ಅವರ ಮಗ ಥಾಮಸ್ 20ನೇ ಶತಮಾನದ ಆರಂಭದಲ್ಲಿ ಅದೇ ತತ್ವದ ಮೇಲೆ ಬಣ್ಣದ ಗನ್ ಮಾಡಿದರು. ದ್ರವವನ್ನು ಗಂಟಲ ಆಳಕ್ಕೆ ತಲುಪಿಸುವಷ್ಟು ಸಣ್ಣ ಕಣ ಮಾಡುವ ಶಕ್ತಿ ಅದರ ಹುಟ್ಟಿನಲ್ಲೇ ಇತ್ತು. ಬಣ್ಣ ಹಾಕಿದರೂ ಆ ಶಕ್ತಿ ಹೋಗುವುದಿಲ್ಲ ಅಲ್ವಾ?

ಇವತ್ತಿನ 2ಕೆ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಗುಂಪು ಇರುತ್ತದೆ. ಕಾರುಗಳ ಹೊಳಪು, ಗಟ್ಟಿತನ ಎರಡೂ ಬರುವುದು ಅದರಿಂದಲೇ. ಅದೇ ಉಸಿರಲ್ಲಿ ಹೋದರೆ ಕೆಲವರಿಗೆ ಅಸ್ತಮಾ ಬರುತ್ತದೆ. ಒಮ್ಮೆ ಮೈ ಅದಕ್ಕೆ ಒಗ್ಗದಂತಾಯಿತು ಅಂದರೆ, ಮುಂದೆ ತೀರಾ ಸ್ವಲ್ಪ ಪ್ರಮಾಣಕ್ಕೂ ಎದೆ ಬಿಗಿಯುತ್ತದೆ. ಆ ಮನುಷ್ಯ ಪೇಂಟಿಂಗ್ ಬಿಡುವುದೊಂದೇ ದಾರಿ. ಬ್ರಿಟನ್ನಿನ ಕೆಲಸದ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ ಪ್ರಕಾರ, ಐಸೊಸೈನೇಟ್ ಪೇಂಟ್ ಹೊಡೆಯುವ ವಾಹನ ಪೇಂಟರ್‌ಗಳಿಗೆ ಅಸ್ತಮಾ ಬರುವ ಸಾಧ್ಯತೆ ಅಲ್ಲಿನ ಒಟ್ಟು ಕಾರ್ಮಿಕರಿಗಿಂತ ಸುಮಾರು 80 ಪಟ್ಟು ಹೆಚ್ಚು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ, 0.1 ಶೇಕಡಾಕ್ಕಿಂತ ಹೆಚ್ಚು ಡೈಐಸೊಸೈನೇಟ್ ಇರುವ ಮಾಲನ್ನು ಕೆಲಸದಲ್ಲಿ ಬಳಸುವವರಿಗೆ ತರಬೇತಿ ಕಡ್ಡಾಯ. ಪೇಂಟರ್ ಕೆಲಸವನ್ನೇ ಕ್ಯಾನ್ಸರ್‌ಗೆ ಕಾರಣವಾಗುವ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲೇ ಸೇರಿಸಿದೆ.

ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡರೆ ಇದು ತಡೆಯುವುದಿಲ್ಲ. ಕೋವಿಡ್ ಕಾಲದಿಂದ ಮನೆಮನೆಗೆ ಬಂದಿರುವ ಎನ್95 ಧೂಳಿನ ಕಣ ಹಿಡಿಯುತ್ತದೆ, ತಿನ್ನರ್ ಆವಿ ಹಿಡಿಯುವುದಿಲ್ಲ. ಐಸೊಸೈನೇಟ್ ಪೇಂಟ್‌ಗೆ ಎಚ್‌ಎಸ್‌ಇ ಹೇಳುವುದು ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್. ಹೊಡೆದು ಮುಗಿದ ಮೇಲೂ ಪೇಂಟಿಂಗ್ ಕೋಣೆಯಾದ ಬೂತ್‌ನ ಗಾಳಿ ತಿಳಿಯಾಗುವವರೆಗೆ ಮುಖದ ಮೇಲಿನ ಗಾಜು ಎತ್ತಬಾರದು ಅನ್ನುತ್ತದೆ. ಪೇಂಟ್ ಹೇಗೆ ಕೂತಿದೆ ನೋಡೋಣ ಅಂತ ಗಾಜು ಎತ್ತುವುದು ಪೇಂಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಅಭ್ಯಾಸ.

ಕಪ್ ಇಲ್ಲಿ ಏನು ಮಾಡಬಲ್ಲದು, ಏನು ಮಾಡಲಾರದು? ಹೊಡೆಯುವಾಗಿನ ಮಂಜನ್ನು ಅದು ಒಂದಿಷ್ಟೂ ಕಮ್ಮಿ ಮಾಡುವುದಿಲ್ಲ. ಅದಕ್ಕೆ ಬೂತ್, ಮಾಸ್ಕ್, ಕಡಿಮೆ ಒತ್ತಡದ ಎಚ್‌ವಿಎಲ್‌ಪಿ ಗನ್ ಬೇಕು. ಏರ್ ಕ್ಯಾಪ್‌ನಲ್ಲಿ ಗಾಳಿಯ ಒತ್ತಡ 10 ಪಿಎಸ್‌ಐ ಮೀರದ ಈ ಗನ್‌ಗಳಲ್ಲಿ ಬಣ್ಣ ಗಾಳಿಪಾಲಾಗುವುದು ಕಮ್ಮಿ, ತಗಡಿಗೆ ಹತ್ತುವುದು ಜಾಸ್ತಿ. ಆದರೆ ಬೆರೆಸುವಾಗ, ಸೋಸುವಾಗ, ಮುಖ್ಯವಾಗಿ ತೊಳೆಯುವಾಗ ಮೈಗೆ, ಉಸಿರಿಗೆ ತಾಗುವುದನ್ನು ಕಪ್ ಕಮ್ಮಿ ಮಾಡುತ್ತದೆ. ಅದು ಮಾಸ್ಕ್ ತೆಗೆದಿಟ್ಟ ಸಮಯ ಅನ್ನುವುದನ್ನು ಮರೆಯಬಾರದು.

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇದನ್ನು ಕಾನೂನಿನಲ್ಲೇ ಬರೆದಿದೆ. ಕ್ರೋಮಿಯಂ, ಸೀಸ, ಮ್ಯಾಂಗನೀಸ್, ನಿಕಲ್, ಕ್ಯಾಡ್ಮಿಯಂ ಇರುವ ಬಣ್ಣ ಹೊಡೆಯುವ ಸಣ್ಣ ಬಾಡಿ ಶಾಪ್‌ಗಳಿಗೂ ಅನ್ವಯಿಸುವ ನಿಯಮ 2008ರಲ್ಲಿ ಬಂತು, ಆಗಲೇ ಇದ್ದ ಗ್ಯಾರೇಜ್‌ಗಳಿಗೆ 2011ರ ಜನವರಿಯಿಂದ ಜಾರಿಯಾಯಿತು. 98 ಶೇಕಡಾ ಮಂಜು ಹಿಡಿಯುವ ಫಿಲ್ಟರ್ ಇರುವ ಬೂತ್, ಎಚ್‌ವಿಎಲ್‌ಪಿ ಅಥವಾ ಅದಕ್ಕೆ ಸಮನಾದ ಗನ್, ಪೇಂಟರ್‌ಗೆ ತರಬೇತಿ. ಇವುಗಳ ಜೊತೆ ಇನ್ನೊಂದು ಸಾಲಿದೆ: ಗನ್ ತೊಳೆಯುವಾಗ ತಿನ್ನರ್ ಮತ್ತು ಬಣ್ಣದ ಮಂಜನ್ನು ಡಬ್ಬದ ಹೊರಗೆ ಹಾರಿಸುವಂತಿಲ್ಲ. ನಮ್ಮ ಗ್ಯಾರೇಜ್‌ನ ಹುಡುಗ ದಿನವೂ ಮಾಡುವ ಕೆಲಸವನ್ನೇ ಅದು ನಿಷೇಧಿಸಿದೆ. ಕಪ್‌ನ ಗಾತ್ರಕ್ಕೂ ಅಲ್ಲಿ ಲೆಕ್ಕವಿದೆ. ಮೂರು ಔನ್ಸ್, ಅಂದರೆ ಸುಮಾರು 89 ಮಿಲಿಲೀಟರ್‌ವರೆಗಿನ ಪುಟ್ಟ ಕಪ್ ಇಟ್ಟು ಮಾಡುವ ಟಚಪ್ ಕೆಲಸ ಈ ನಿಯಮದಡಿ ಬರುವುದಿಲ್ಲ.

ನಮ್ಮಲ್ಲಿ? ಪೇಂಟ್‌ನಲ್ಲಿ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಎಂಬ ನಿಯಮ 2017ರ ನವೆಂಬರ್‌ನಿಂದ ಇದೆ. ಅದು ಮನೆ ಮತ್ತು ಅಲಂಕಾರದ ಪೇಂಟ್‌ಗಳಿಗೆ ಮಾತ್ರ. ಗ್ಯಾರೇಜ್‌ನ ಗನ್ ಎಲ್ಲಿ ತೊಳೆಯಬೇಕು, ಹೇಗೆ ತೊಳೆಯಬೇಕು ಅಂತ ರಸ್ತೆ ಬದಿಯ ಟಿಂಕರಿಂಗ್ ಅಂಗಡಿಗೆ ಹೋಗಿ ಹೇಳುವವರು ಯಾರೂ ಇಲ್ಲ.

ಕಾರು ಬಿಟ್ಟು ಮರದ ಕೆಲಸಕ್ಕೆ ಬಂದರೆ ಪರಿಸ್ಥಿತಿ ಇನ್ನೂ ಕಷ್ಟ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇಂಟೀರಿಯರ್ ಮಾಡಿಸುವಾಗ ವಾರ್ಡ್‌ರೋಬ್, ಬಾಗಿಲು, ಟಿವಿ ಯೂನಿಟ್‌ಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯುತ್ತಾರೆ. ಆ ಹಾರ್ಡನರ್‌ನಲ್ಲೂ ಐಸೊಸೈನೇಟ್ ಇರುತ್ತದೆ. ಬೂತ್ ಇಲ್ಲ, ಎಕ್ಸಾಸ್ಟ್ ಇಲ್ಲ. ಧೂಳು ಕೂರಬಾರದು ಅಂತ ಕಿಟಕಿಯನ್ನೂ ಮುಚ್ಚುತ್ತಾರೆ. ಸೀಲರ್, ಬಣ್ಣ, ಟಾಪ್ ಕೋಟ್ ಅಂತ ಮಾಲು ಬದಲಾದಾಗಲೆಲ್ಲ ಗನ್ ತೊಳೆಯುವುದು ಬಾಲ್ಕನಿಯಲ್ಲಿ ಅಥವಾ ಬಾತ್‌ರೂಮಿನಲ್ಲಿ. ಪಕ್ಕದ ಮನೆಯವರಿಗೆ ವಾಸನೆ ಬಂತು ಅಂತ ಜಗಳ ಆಗುವುದು ಗೊತ್ತು. ಒಳಗೆ ಇಡೀ ದಿನ ಅದರಲ್ಲೇ ಇರುವವನ ಬಗ್ಗೆ ಅಸೋಸಿಯೇಷನ್ ಗ್ರೂಪಿನಲ್ಲಿ ಯಾರೂ ಕೇಳುವುದಿಲ್ಲ. ಕಪ್ ವ್ಯವಸ್ಥೆ ಮೊದಲು ಬೇಕಾದದ್ದು ಇಂಥ ಕಡೆಗೆ ಅಂತ ನನಗೆ ಅನಿಸುತ್ತದೆ.

ಮನೆಯ ಸ್ಪ್ರೇಯರ್: ಓದಲೇಬೇಕಾದ ಒಂದು ಸಾಲು

ಈಗ ಕೈಯಲ್ಲಿ ಹಿಡಿದು ಪ್ಲಗ್ ಹಾಕಿ ಹೊಡೆಯುವ ಸ್ಪ್ರೇಯರ್‌ಗಳು. ಬಾಷ್, ಬ್ಲ್ಯಾಕ್ ಪ್ಲಸ್ ಡೆಕರ್, ಜರ್ಮನಿಯ ವ್ಯಾಗ್ನರ್, ಜೊತೆಗೆ ಹೆಸರೇ ಕೇಳದ ಹತ್ತಾರು ಅಗ್ಗದ ಬ್ರ್ಯಾಂಡ್‌ಗಳು. ಇವುಗಳಲ್ಲಿ ಕಂಪ್ರೆಸರ್ ಇಲ್ಲ. ಒಳಗಿನ ಫ್ಯಾನ್ ಜೋರಾಗಿ ಗಾಳಿ ದೂಡುತ್ತದೆ. ಅದರ ಒಂದು ಸಣ್ಣ ಪಾಲು ಕೊಳವೆಯ ಮೂಲಕ ಡಬ್ಬದೊಳಗೆ ಹೋಗಿ ಬಣ್ಣವನ್ನು ಒತ್ತಿ ಮೇಲೆ ಕಳಿಸುತ್ತದೆ. ಡಬ್ಬ ಸಾಮಾನ್ಯವಾಗಿ 800 ಮಿಲಿಲೀಟರ್‌ನಿಂದ ಒಂದು ಲೀಟರ್. ವ್ಯಾಗ್ನರ್‌ನ ಕೆಲವು ಮಾದರಿಗಳಲ್ಲಿ ಡಬ್ಬ, ನಾಝಲ್ ಸೇರಿದ ಇಡೀ ಮುಂಭಾಗವೇ ಮೋಟರ್‌ನಿಂದ ಕಳಚಿ ಬರುತ್ತದೆ. ಒಂದರಲ್ಲಿ ಗೋಡೆ ಬಣ್ಣ, ಇನ್ನೊಂದರಲ್ಲಿ ವಾರ್ನಿಶ್ ತುಂಬಿಟ್ಟುಕೊಂಡು ಬದಲಿಸುತ್ತಾ ಹೋಗಬಹುದು. ಹೊರಗಿನ ಗೇಟು, ಗ್ರಿಲ್, ಬೆತ್ತದ ಕುರ್ಚಿಗೆ ಒಳ್ಳೆ ಸಾಧನ. ಬ್ರಶ್ ಹೋಗದ ಸಂದುಗೊಂದಿಗೂ ಬಣ್ಣ ಹೋಗುತ್ತದೆ. ಇಡೀ ಮನೆಯ ಗೋಡೆಗೆ ಇದನ್ನು ನಂಬಿ ಹೊರಡಬೇಡಿ. ದಪ್ಪ ಎಮಲ್ಶನ್‌ಗೆ ನೀರು ಬೆರೆಸಿ ತೆಳು ಮಾಡಬೇಕು, ಡಬ್ಬ ಮತ್ತೆ ಮತ್ತೆ ತುಂಬಬೇಕು, ನೆಲ ಕಿಟಕಿ ಎಲ್ಲಾ ಮುಚ್ಚಬೇಕು. ರೋಲರ್ ಬೇಗ ಮುಗಿಸುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಇಂಥ ಸ್ಪ್ರೇಯರ್ ಕೈಪಿಡಿಯಲ್ಲಿ ಒಂದು ಸಾಲು ಇರುತ್ತದೆ: ಫ್ಲ್ಯಾಶ್ ಪಾಯಿಂಟ್ ಇಂತಿಷ್ಟಕ್ಕಿಂತ ಕಡಿಮೆ ಇರುವ ದ್ರವ ಹಾಕಬೇಡಿ. ವ್ಯಾಗ್ನರ್‌ನ ಹಲವು ಕೈಪಿಡಿಗಳಲ್ಲಿ ಅದು 21 ಡಿಗ್ರಿ ಸೆಲ್ಸಿಯಸ್. ಅಂದರೆ 21 ಡಿಗ್ರಿಗಿಂತ ಕಡಿಮೆ ಬಿಸಿಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ಮಾಲು ಬೇಡ. ಟರ್ಪೆಂಟೈನ್ ಅಂತ ನಮ್ಮ ಅಂಗಡಿಗಳಲ್ಲಿ ಕೊಡುವ ಮಿನರಲ್ ಟರ್ಪೆಂಟೈನ್‌ಗೆ ಆ ಅಂಕಿ 21ಕ್ಕಿಂತ ಸಾಕಷ್ಟು ಮೇಲಿದೆ. ಗ್ಯಾರೇಜ್ ತಿನ್ನರ್‌ನಲ್ಲಿ ಇರುವ ಟಾಲ್ವೀನ್‌ಗೆ ಸುಮಾರು 4 ಡಿಗ್ರಿ. ಅಸಿಟೋನ್‌ಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ನಮ್ಮ ಊರಿನ ಚಳಿಗಾಲದ ಬೆಳಗಿನಲ್ಲೂ ಇವು ಹೊತ್ತಿಕೊಳ್ಳಲು ತಯಾರಾಗಿಯೇ ಇರುತ್ತವೆ. ಗಾಳಿ ದೂಡುವ ಮೋಟರ್ ಕೈಯಲ್ಲೇ ಇದೆ, ಅದರ ಬ್ರಶ್‌ಗಳಲ್ಲಿ ಕಿಡಿ ಏಳುತ್ತದೆ. ಬೈಕ್ ಟ್ಯಾಂಕ್‌ಗೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್, ಎನ್‌ಸಿ ತಿನ್ನರ್ ಬೆರೆಸಿ ಈ ಸ್ಪ್ರೇಯರ್‌ನಲ್ಲೇ ಹೊಡೆಯೋಣ ಅಂತ ಹೊರಡುವುದು ಜೀವಕ್ಕೆ ಅಪಾಯ. ಕಪ್ ಸುಲಭವಾಗಿ ಕಳಚುತ್ತದೆ ಅಂದ ಮಾತ್ರಕ್ಕೆ ಯಾವ ಮಾಲು ಬೇಕಾದರೂ ತುಂಬಬಹುದು ಅಂತಲ್ಲ. ಮಾರುವವರು ಡಬ್ಬದ ಹೊರಗೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇದನ್ನು ಬರೆಯಬೇಕು.

ದುಡ್ಡು ಯಾರದು?

ಗ್ಯಾರೇಜ್‌ಗೆ ವಾಪಸ್ ಬರೋಣ. ಇಷ್ಟು ಉಪಯೋಗ ಇರುವ ಕಪ್ ಸಣ್ಣ ಗ್ಯಾರೇಜ್‌ಗಳಲ್ಲಿ ಯಾಕಿಲ್ಲ?

ಮೊದಲ ಕಾರಣ ಸೀದಾ. ಹಳೆ ಕಪ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಲೈನರ್, ಮುಚ್ಚಳ ಪ್ರತಿ ಕೆಲಸಕ್ಕೂ ಹೊಸದು. ಬ್ರ್ಯಾಂಡೆಡ್ ಮಾಲಾದರೆ ಉಳಿದ ತಿನ್ನರ್‌ನ ಬೆಲೆಯೊಂದರಿಂದಲೇ ಆ ಖರ್ಚು ಹುಟ್ಟುವುದು ಕಷ್ಟ. ಪೇಂಟರ್‌ನ ಸಮಯಕ್ಕೂ ಬೆಲೆ ಕಟ್ಟಿದರೆ ಮಾತ್ರ ಲೆಕ್ಕ ಕೂಡಿಬರುತ್ತದೆ. ಯುರೋಪ್, ಅಮೆರಿಕದಲ್ಲಿ ಒಂದು ಗಂಟೆಯ ಕೂಲಿ ದುಬಾರಿ. ಹತ್ತು ನಿಮಿಷ ಉಳಿದರೆ ಕಪ್‌ನ ಬೆಲೆ ಅಲ್ಲೇ ಬಂತು. ನಮ್ಮಲ್ಲಿ ತೊಳೆಯುವವನ ಹತ್ತು ನಿಮಿಷಕ್ಕೆ ಮಾಲೀಕ ಕೊಡುವುದು ತೀರಾ ಕಮ್ಮಿ. ಅಗ್ಗದ ದುಡಿಮೆ ಇರುವ ಕಡೆ ದುಡಿಯುವವನನ್ನು ಕಾಯುವ ಸಾಧನ ದುಬಾರಿಯಾಗಿ ಕಾಣುತ್ತದೆ. ಅವನಿಗೆ ಮುಂದೆ ಬರಬಹುದಾದ ಕಾಯಿಲೆಯ ಖರ್ಚು ಗ್ಯಾರೇಜ್‌ನ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ, ಅವನ ಮನೆಯವರ ಪುಸ್ತಕದಲ್ಲಿ ಬರುತ್ತದೆ. ಕೆಲಸದಿಂದ ಬರುವ ಅಸ್ತಮಾ ನಮ್ಮ ಕಾರ್ಮಿಕ ಪರಿಹಾರ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲೇ ಇದೆ. ಆದರೆ ಪ್ಯಾನೆಲ್ (ಡೋರ್, ಬಾನೆಟ್‌ನಂಥ ಒಂದೊಂದು ಭಾಗ) ಲೆಕ್ಕದಲ್ಲಿ ದುಡಿಯುವ, ಹಾಜರಿ ಪುಸ್ತಕವೇ ಇಲ್ಲದ ಪೇಂಟರ್ ತಾನು ಎಲ್ಲಿ ಕೆಲಸ ಮಾಡಿದೆ ಅಂತ ಹೇಗೆ ತೋರಿಸಬೇಕು? ಹತ್ತು ಜನರಿಗಿಂತ ಕಮ್ಮಿ ಇರುವ ಅಂಗಡಿಗೆ ಸಾಮಾನ್ಯವಾಗಿ ಕಾರ್ಮಿಕರ ವಿಮೆಯಾದ ಇಎಸ್‌ಐ ಕೂಡ ಕಡ್ಡಾಯವಿಲ್ಲ.

ಎರಡನೆಯದು ಇನ್ಶೂರೆನ್ಸ್. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಬಾಡಿ ಶಾಪ್ ನಡೆಯುವುದೇ ಇದರ ಮೇಲೆ. ಸವಕಳಿ ಕಳೆಯದೆ ಕೊಡುವ ‘ಝೀರೋ ಡೆಪ್’ ಇಲ್ಲದ ಮಾಮೂಲಿ ಪಾಲಿಸಿಯಲ್ಲಿ ಪೇಂಟಿಂಗ್‌ನ ಮಾಲಿನ ಬೆಲೆಗೆ 50 ಶೇಕಡಾ ಸವಕಳಿ ಹಿಡಿಯುತ್ತಾರೆ. ಬಿಲ್‌ನಲ್ಲಿ ಮಾಲು, ಕೂಲಿ ಬೇರೆ ಮಾಡದೆ ಒಟ್ಟಿಗೆ ಬರೆದಿದ್ದರೆ, ಅದರ 25 ಶೇಕಡಾ ಮಾಲು ಅಂತ ಲೆಕ್ಕ. 10,000 ರೂಪಾಯಿ ಪೇಂಟಿಂಗ್ ಬಿಲ್ ಆದರೆ 2,500 ಮಾಲು, ಅದರಲ್ಲಿ ಅರ್ಧ, 1,250 ರೂಪಾಯಿ ಕಾರಿನವರ ಜೇಬಿನಿಂದ. ಈ ಲೆಕ್ಕದಲ್ಲಿ ಲೈನರ್ ಎಲ್ಲಿ ಬರುತ್ತದೆ? ಮಾಸ್ಕಿಂಗ್ ಟೇಪ್, ಎಮರಿ ಪೇಪರ್, ಗ್ಲೌಸ್ ಜೊತೆ ಅದೂ ಪೇಂಟಿಂಗ್ ಅನ್ನುವ ಒಂದೇ ಸಾಲಿನಲ್ಲಿ ಮುಳುಗಿಹೋಗುತ್ತದೆ. ಒಂದು ಪ್ಯಾನೆಲ್‌ಗೆ ಇಷ್ಟು ಅಂತ ದರ ಮೊದಲೇ ಗೊತ್ತಾಗಿರುವಾಗ, ಸುರಕ್ಷತೆಗೆ ಹಾಕಿದ ಪ್ರತಿ ರೂಪಾಯಿಯೂ ಗ್ಯಾರೇಜ್ ಮಾಲೀಕನ ಲಾಭದಿಂದಲೇ ಹೋಗಬೇಕು. ಒಳ್ಳೆ ಮನಸ್ಸಿನ ಮಾಲೀಕನೂ ಇಲ್ಲಿ ಕೈ ಹಿಂದಕ್ಕೆ ಎಳೆದರೆ ಅವನನ್ನೊಬ್ಬನನ್ನೇ ದೂರುವುದು ಸರಿಯಲ್ಲ.

ಮೂರನೆಯದು ಅಡಾಪ್ಟರ್. ಪ್ರತಿ ಗನ್‌ನ ಕಪ್ ಕೂರುವ ಜಾಗದ ಥ್ರೆಡ್ ಬೇರೆ ಬೇರೆ. ಪಿಪಿಎಸ್‌ನಂಥ ಕಪ್ ಹಾಕಲು ಆಯಾ ಗನ್‌ಗೆ ತಕ್ಕ ಅಡಾಪ್ಟರ್ ಬೇಕು. ಹೆಸರಾಂತ ಗನ್‌ಗಳಿಗೆ ಸಿಗುತ್ತದೆ. ಸ್ಥಳೀಯವಾಗಿ ತಯಾರಾದ, ಎರಡನೇ ಕೈಯಲ್ಲಿ ಕೊಂಡ ಗನ್‌ಗೆ ಹುಡುಕಿ ಹುಡುಕಿ ಸಾಕಾಗುತ್ತದೆ. ಒಂದು ಕಂಪನಿಯ ಲೈನರ್ ಇನ್ನೊಂದಕ್ಕೆ ಕೂರುವುದಿಲ್ಲ. ಹಾಗಾಗಿ ಒಂದು ವ್ಯವಸ್ಥೆ ಆರಿಸಿಕೊಂಡರೆ ಅದರ ಮಾಲನ್ನೇ ಕೊಳ್ಳುತ್ತಾ ಇರಬೇಕು. 3ಎಂನ ಮೂಲ ಪೇಟೆಂಟ್ ಅರ್ಜಿಗಳು 1990ರ ದಶಕದ ಕೊನೆಯವು, ಪೇಟೆಂಟ್‌ನ ಆಯಸ್ಸು 20 ವರ್ಷ. ಆ ಮೊದಲ ತಲೆಮಾರಿನ ರಚನೆಯನ್ನು ಹೋಲುವ ಅಗ್ಗದ ಕಪ್‌ಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕಂಪನಿ ಈ ನಡುವೆ ಕಾಲು ಸುತ್ತು ತಿರುಗಿಸಿದರೆ ಲಾಕ್ ಆಗುವ ಎರಡನೇ ತಲೆಮಾರಿನ ಕಪ್ ತಂದಿದೆ. ಅಡಾಪ್ಟರ್‌ಗೆ ಒಂದೇ ಅಳತೆ ಇರಬೇಕು ಅಂತ ಭಾರತೀಯ ಮಾನಕ ಸಂಸ್ಥೆ ಒಂದು ಮಾನಕ ತಂದರೆ ಸಣ್ಣ ಗ್ಯಾರೇಜ್‌ಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಲೈನರ್ ಮಾಡುವುದು ರಾಕೆಟ್ ವಿದ್ಯೆಯೇನಲ್ಲ. ಪೀಣ್ಯದಂಥ ಕಡೆ ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವವರು ಇದನ್ನು ಮಾಡಬಲ್ಲರು, ಅಳತೆ ಗೊತ್ತಿರಬೇಕು ಅಷ್ಟೇ.

ಪ್ಲಾಸ್ಟಿಕ್ ಕಸದ ಮಾತು ಬಂದೇ ಬರುತ್ತದೆ, ಬರಬೇಕು ಕೂಡ. ಪ್ರತಿ ಕೆಲಸಕ್ಕೆ ಒಂದು ಲೈನರ್, ಒಂದು ಮುಚ್ಚಳ ಬಿಸಾಡುವುದು ಸಣ್ಣ ವಿಷಯವಲ್ಲ. ಆದರೂ ಎರಡನ್ನೂ ತಕ್ಕಡಿಗಿಟ್ಟರೆ, ಮಣ್ಣಿಗೆ ಸುರಿದ ತಿನ್ನರ್‌ಗಿಂತ ಒಳಗೆ ಗಟ್ಟಿಯಾದ ಬಣ್ಣವಿರುವ ಲೈನರ್ ವಾಸಿ. ಅದನ್ನು ಕಣ್ಣಿಗೆ ಕಾಣುವಂತೆ ಒಂದು ಕಡೆ ಕೂಡಿಡಬಹುದು. ತಿನ್ನರ್ ಇಂಗಿಹೋದರೆ ಯಾರೂ ವಾಪಸ್ ತರಲಾರರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಪಟ್ಟಿಯಲ್ಲಿ, ಅಪಾಯಕಾರಿ ರಾಸಾಯನಿಕ ತಾಗಿದ ಖಾಲಿ ಡಬ್ಬ ಮತ್ತು ಲೈನರ್‌ಗಳ ಹೆಸರಿದೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇಂಥ ತ್ಯಾಜ್ಯ ಸಂಸ್ಕರಿಸುವ ಘಟಕವೂ ಇದೆ. ದೊಡ್ಡ ಕಾರ್ಖಾನೆ ಅಲ್ಲಿಗೆ ಕಳಿಸುತ್ತದೆ. ಎರಡು ಕಾರು ನಿಲ್ಲುವಷ್ಟು ಜಾಗದ ಗ್ಯಾರೇಜ್ ತಿಂಗಳಿಗೆ ಒಂದು ಚೀಲ ಲೈನರ್ ಹಿಡಿದುಕೊಂಡು ಅಲ್ಲಿಗೆ ಹೋಗಲು ಆಗುವುದಿಲ್ಲ. ಒಂದು ಬೀದಿಯ, ಒಂದು ಬಡಾವಣೆಯ ಗ್ಯಾರೇಜ್‌ಗಳಿಂದ ಒಟ್ಟಿಗೆ ಸಂಗ್ರಹಿಸುವ ಗಾಡಿ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ.

ಅಲ್ಲಿಯವರೆಗೆ ಸಣ್ಣ ಗ್ಯಾರೇಜ್ ಏನು ಮಾಡಬಹುದು? ಎಲ್ಲಾ ಕೆಲಸಕ್ಕೂ ಲೈನರ್ ಬೇಕಿಲ್ಲ. ಪ್ರೈಮರ್‌ಗೆ ಒಂದು ಗನ್ ಬೇರೆಯೇ ಇಟ್ಟರೆ ತೊಳೆಯುವ ಒಂದು ಸರದಿ ಕಮ್ಮಿಯಾಯಿತು. ಅದರ ನಾಝಲ್ ದೊಡ್ಡದಿರಬೇಕು, 1.6ರಿಂದ 1.8 ಮಿಲಿಮೀಟರ್. ಬೇಸ್ ಮತ್ತು ಕ್ಲಿಯರ್‌ಗೆ 1.3 ಅಥವಾ 1.4 ಸಾಕು. ದುಬಾರಿ ಲೈನರನ್ನು 2ಕೆ ಕ್ಲಿಯರ್‌ಗೆ ಮೀಸಲಿಡಿ, ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಕೆಲಸಕ್ಕೆ ತಕ್ಕ ಗಾತ್ರದ ಕಪ್ ತೆಗೆದುಕೊಳ್ಳಿ. ಒಂದು ಮಿರರ್ ಕವರ್‌ಗೆ 650 ಮಿಲಿಲೀಟರ್ ಕಪ್ ಬೇಡ, 200ರದ್ದು ಸಾಕು. ಬೆರೆಸುವ ಬಣ್ಣವೂ ಉಳಿಯುತ್ತದೆ. ಗನ್ ಹಾಯಿಸುವಾಗ ಗಾಳಿಗೆ ಹೊಡೆಯಬೇಡಿ. ಗಾಳಿಯ ಒತ್ತಡ ಪೂರ್ತಿ ಇಳಿಸಿ, ತಿನ್ನರ್ ತಾನಾಗೇ ಮುಚ್ಚಳವಿರುವ ಡಬ್ಬಕ್ಕೆ ಹರಿಯಲು ಬಿಡಿ. ಆ ತಿನ್ನರ್ ತಳ ಕಟ್ಟಿದ ಮೇಲೆ ಮೇಲಿನ ತಿಳಿಯನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಬಹುದು. ನೈಟ್ರೈಲ್ ಗ್ಲೌಸ್ ಹಾಕದೆ ಕೈ ಹಾಕಬೇಡಿ. ಇವುಗಳಲ್ಲಿ ಹೆಚ್ಚಿನವಕ್ಕೆ ಕಪ್ ಕಂಪನಿಯ ಅಗತ್ಯವೇ ಇಲ್ಲ.

ಇನ್ಶೂರೆನ್ಸ್ ಕಂಪನಿಗಳು ಮತ್ತು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಒಂದು ಕೆಲಸ ಮಾಡಬೇಕು. ಪೇಂಟಿಂಗ್ ಬಿಲ್‌ನಲ್ಲಿ ಸುರಕ್ಷತಾ ಸಾಮಗ್ರಿಗೆ ಬೇರೆ ಸಾಲು ಕೊಡಬೇಕು: ಲೈನರ್, ಗ್ಲೌಸ್, ಮಾಸ್ಕ್‌ನ ಫಿಲ್ಟರ್. ಅದಕ್ಕೆ ಸವಕಳಿ ಹಿಡಿಯಬಾರದು. ಸರ್ವೇಯರ್ ಕಾರು ನೋಡಲು ಬಂದಾಗ ಹಾನಿಯಾದ ಪ್ಯಾನೆಲ್ ಫೋಟೊ ತೆಗೆಯುವ ಹಾಗೆಯೇ ಪೇಂಟರ್‌ನ ಗಾಳಿ ಮಾಸ್ಕ್‌ನ ಫೋಟೊ ಕೂಡ ತೆಗೆಯಲಿ. ಕಾರು ಕೊಡುವವರೂ ಕೇಳಬಹುದು. ಬಣ್ಣ ಹೊಂದುತ್ತದಾ, ಯಾವಾಗ ಡೆಲಿವರಿ ಅಂತ ಕೇಳುವಾಗ, ‘ಕ್ಲಿಯರ್ ಹೊಡೆಯುವವರಿಗೆ ಯಾವ ಮಾಸ್ಕ್ ಕೊಡ್ತೀರಾ, ಗನ್ ಎಲ್ಲಿ ತೊಳೀತೀರಾ’ ಅಂತಲೂ ಕೇಳಿ, ಉತ್ತರ ನೋಡಿ ಗ್ಯಾರೇಜ್ ಆರಿಸಿಕೊಳ್ಳಿ.